ಏಳನೆಯ ಸ್ಕ್ರೂ

ಬಳ್ಳಾರಿ, ಶನಿವಾರ, 19 ಏಪ್ರಿಲ್ 2025

ಭಾವನ ಜೀನ್ಸ್ ಘಟಕಕ್ಕೆ, ಅಳತೆಯ ನಕ್ಷೆಗಳನ್ನು ಬರೆಯಲೆಂದು ಜೋಡಿಸುತ್ತಿರುವ ವರ್ಕ್‌ಸ್ಟೇಷನ್ ಕಂಪ್ಯೂಟರ್ ಇಂದು ಮಧ್ಯಾಹ್ನದೊಳಗೆ ಮುಗಿಯಬೇಕಿತ್ತು. ಎಟಿಎಕ್ಸ್ ಎಂಬ ಅಳತೆಯ ಮದರ್‌ಬೋರ್ಡನ್ನು (ಕಂಪ್ಯೂಟರಿನ ಮುಖ್ಯ ಸರ್ಕ್ಯೂಟ್ ಹಲಗೆ) ಕ್ಯಾಬಿನೆಟ್ಟಿನಲ್ಲಿ ಕೂರಿಸಿ, ಒಂಬತ್ತು ಸ್ಕ್ರೂಗಳ ಪೈಕಿ ಆರನ್ನು ಬಿಗಿದಾಗಿತ್ತು. ಏಳನೆಯದು ಎರಡು ಸುತ್ತಿಗೇ ಬಿಗಿಯಾಯಿತು. ಸೆಖೆಗೆ ತಾಳ್ಮೆಯೂ ಕರಗಿತ್ತೇನೋ, ನಾನು ಇನ್ನಷ್ಟು ಒತ್ತಿ ತಿರುಗಿಸಿದೆ; ತಲೆ ಕಳಚಿ ನೆಲಕ್ಕೆ ಬಿತ್ತು, ಮೈ ಹಿತ್ತಾಳೆಯ ಸ್ಟ್ಯಾಂಡ್‌ಆಫಿನಲ್ಲೇ, ಎಂದರೆ ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬದಲ್ಲೇ, ಉಳಿಯಿತು.

ಕಾರಣ ಕೈಯಲ್ಲೇ ಇತ್ತು. ಹಳೆಯ ಕಂಪ್ಯೂಟರುಗಳಿಂದ ಬಿಚ್ಚಿದ ಸ್ಕ್ರೂಗಳನ್ನೆಲ್ಲ ನಾನು ಒಂದೇ ಡಬ್ಬಿಯಲ್ಲಿ ಹಾಕಿಡುತ್ತೇನೆ. ಸ್ಟ್ಯಾಂಡ್‌ಆಫ್ ಎಂ3 ಅಳತೆಯದು: 3 ಮಿ.ಮೀ. ದಪ್ಪ, ಅರ್ಧ ಮಿ.ಮೀ.ಗೊಂದು ಸುತ್ತು (ಥ್ರೆಡ್). ನಾನು ತುರುಕಿದ್ದು 6-32 ಅಳತೆಯ ಸ್ಕ್ರೂ: ಸುಮಾರು 3.5 ಮಿ.ಮೀ. ದಪ್ಪ, ಅಂಗುಲಕ್ಕೆ 32 ಸುತ್ತು. ಪಕ್ಕಪಕ್ಕ ಇಟ್ಟು ನೋಡಿದರೆ ಮಗುವಿಗೂ ತಿಳಿಯುವಷ್ಟು ವ್ಯತ್ಯಾಸವಿದೆ. ನಾನು ಇಟ್ಟು ನೋಡಿರಲಿಲ್ಲ.

ಮುರಿದ ತುಂಡು 1.6 ಮಿ.ಮೀ. ದಪ್ಪದ ಬೋರ್ಡಿನ ಮಟ್ಟಕ್ಕೇ ನಿಂತು, ಇಕ್ಕಳಕ್ಕೆ ಸಿಗುತ್ತಿರಲಿಲ್ಲ. ಡ್ರಿಲ್ ಹಾಕುವ ಯೋಚನೆ ಬಂತು, ಆದರೆ ಲೋಹದ ಪುಡಿ ಬೋರ್ಡಿನ ಮೇಲಿನ ಬಿಡಿಭಾಗಗಳ ಲೋಹದ ಕಾಲುಗಳ ನಡುವೆ ಸೇರಿದರೆ ಕರೆಂಟ್ ಕೊಟ್ಟೊಡನೆ ಶಾರ್ಟ್ ಆಗಬಹುದೆಂದು ಕೈಬಿಟ್ಟೆ. ಉಳಿದ ಎಂಟರಲ್ಲೇ ನಿಲ್ಲಿಸಬಹುದಿತ್ತು, ಬೋರ್ಡೇನೂ ಬೀಳುತ್ತಿರಲಿಲ್ಲ. ಆದರೆ ಅದು ನಡುಸಾಲಿನ ತೂತು, ಭಾರವಾದ ಗ್ರಾಫಿಕ್ಸ್ ಕಾರ್ಡ್ ಅದರ ಪಕ್ಕದಲ್ಲೇ ಕೂರಬೇಕು. ಹೀಗಾಗಿ ಬಿಗಿದ ಆರನ್ನೂ ಬಿಚ್ಚಿ ಬೋರ್ಡನ್ನು ಮೇಲೆತ್ತಿದೆ. ಈಗ ತುಂಡು ಸ್ಪಷ್ಟವಾಗಿ ಹೊರಗೆ ಕಂಡಿತು. ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ತುಂಡು ಅಲುಗಲಿಲ್ಲ, ಸ್ಟ್ಯಾಂಡ್‌ಆಫೇ ಬುಡಸಮೇತ ಕಳಚಿ ಬಂತು. ಅದೇ ಒಳ್ಳೆಯದಾಯಿತು, ಜೇಬಿನಲ್ಲಿ ಹಾಕಿಕೊಂಡು ಕೌಲ್‌ಬಜಾರಿನ ಹೊಲಿಗೆ ಯಂತ್ರದ ಮೆಕ್ಯಾನಿಕ್ ಅಣ್ಣನ ಬಳಿಗೆ ಹೋದೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ತಮ್ಮಾ, ಸೂಜಿ ಹಿಡಿಯೋ ಸ್ಕ್ರೂ ವಾರಕ್ಕೊಂದು ಮುರೀತದ, ಇದೇನು ದೊಡ್ಡದಲ್ಲ" ಎಂದು ಸ್ಟ್ಯಾಂಡ್‌ಆಫನ್ನು ಇಕ್ಕಳದಲ್ಲಿ ಹಿಡಿದು, ಆರು ಮೂಲೆಯ ಬದಿಗೆ ಸೋಲ್ಡರಿಂಗ್ ಕಡ್ಡಿಯ ಕಾದ ತುದಿಯನ್ನು ಒತ್ತಿದರು. ಒಂದೇ ಬಿಸಿಗೆ ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲಗೊಳ್ಳುತ್ತದೆ. ನಂತರ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸ್ಕ್ರೂವಿನ ನೆತ್ತಿಯ ಮೇಲೆ ಗೀರು ಕೊರೆದು, ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಎಡಕ್ಕೆ ತಿರುಗಿಸಿದರು. ಮೊದಲ ಕಾಲು ಸುತ್ತಿಗೆ ಕಿರ್ರೆಂದಿತು, ಆಮೇಲೆ ಬೆರಳಲ್ಲೇ ಬಂತು. ಹೊರಬಂದ ತುಂಡಿನ ಸುತ್ತುಗಳ ನಡುವೆ ಹಿತ್ತಾಳೆಯ ಹೊಂಬಣ್ಣದ ಸುರುಳಿಯೊಂದು ಸಿಕ್ಕಿಕೊಂಡಿತ್ತು. ದುಡ್ಡು ಬೇಡವೆಂದರು, ಚಹಾ ಕುಡಿಸಿದೆ.

ಸ್ಟ್ಯಾಂಡ್‌ಆಫಿನ ಬಾಯಿಯ ಸುತ್ತುಗಳು ಹಾಳಾಗಿದ್ದವು, ಕೆಳಗಿನವು ಗಟ್ಟಿ. ಸಂಜೆ ಅದನ್ನು ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸಿ, 6 ಮಿ.ಮೀ. ಉದ್ದದ ಎಂ3 ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ, ಸುತ್ತು ಟಕ್ ಎಂದು ಕೂತಮೇಲೆ ಬಲಕ್ಕೆ ಬಿಗಿದೆ. ಹಿಡಿಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಪರದೆಯ ಮೇಲೆ 64 ಜಿಬಿ ಮೆಮೊರಿ ಕಾಣಿಸಿತು. ಪಕ್ಕದ ಮುಚ್ಚಳಕ್ಕೆ ಬೇಕಾದುದು 6-32 ಸ್ಕ್ರೂಗಳೇ. ಡಬ್ಬಿಯನ್ನು ಪತ್ರಿಕೆಯ ಮೇಲೆ ಸುರಿದು, ಅವನ್ನು ಆರಿಸುತ್ತಾ ಕೂತಿದ್ದೇನೆ.