ಒಂದು ಕ್ಲಿಕ್ಕು, ಎರಡು ಬಣ್ಣ

ತಂಗಿ ಈಗಷ್ಟೇ ವೆಬ್ ಕಲಿಯಲು ಶುರು ಮಾಡಿದ್ದಾಳೆ. ಬಟನ್ ಒತ್ತಿದರೆ ಅದರ ಅಕ್ಷರ ಕೆಂಪಾಗಬೇಕು, ಮತ್ತೆ ಒತ್ತಿದರೆ ಮೊದಲಿನಂತಾಗಬೇಕು, ಅದೂ ಯಾವ ಲೈಬ್ರರಿಯೂ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇಲ್ಲದೆ ಬರೀ ಜಾವಾಸ್ಕ್ರಿಪ್ಟ್‌ನಲ್ಲಿ. ಇವತ್ತು ಅದೇ ಮಾತು.

ಯಾರಿಗಾದರೂ ಮೊದಲು ಹೊಳೆಯುವುದು ‘ಈಗಿನ ಬಣ್ಣ ನೋಡು, ಕೆಂಪಿದ್ದರೆ ಕಪ್ಪು ಮಾಡು’ ಅನ್ನುವ ದಾರಿ. ಅದು ಕೈಕೊಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರದ ಬಣ್ಣ ಓದುವ ಸ್ಟೈಲ್.ಕಲರ್ ಹೇಳುವುದು ಆ ಎಲಿಮೆಂಟಿನ (ಪುಟದ ಆ ಭಾಗದ, ಇಲ್ಲಿ ಬಟನ್ನಿನ) ಮೇಲೇ ನೇರವಾಗಿ ಬರೆದ ಬಣ್ಣವನ್ನಷ್ಟೇ. ಬಣ್ಣ ಸಿಎಸ್‌ಎಸ್ ಫೈಲಿನಿಂದ, ಅಂದರೆ ಪುಟದ ಅಂದಚಂದ ಬರೆದಿಡುವ ಬೇರೆ ಫೈಲಿನಿಂದ ಬಂದಿದ್ದರೆ ಸಿಗುವುದು ಖಾಲಿ ಸ್ಟ್ರಿಂಗ್, ಏನೂ ಬರೆಯದ ಉತ್ತರ. ನೇರವಾಗಿಯೇ ಬರೆದರೂ, ಹೆಕ್ಸ್ ಕೋಡಿನಲ್ಲಿ (#ff0000 ಅಂತ) ಕೊಟ್ಟ ಕೆಂಪನ್ನು ವಾಪಸ್ ಓದಿದರೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಅಳತೆ) 255, 0, 0 ಅಂತ ಬರುತ್ತದೆ. ಕಣ್ಣಿಗೆ ಬಣ್ಣ ಒಂದೇ, ಕೋಡಿಗೆ ಬೇರೆ.

ಅದಕ್ಕೇ ಜಾವಾಸ್ಕ್ರಿಪ್ಟ್‌ನ ಕ್ಲಾಸ್‌ಲಿಸ್ಟ್.ಟಾಗಲ್ ನನಗೆ ಅಷ್ಟು ಇಷ್ಟ. ಕ್ಲಾಸ್ ಅಂದರೆ ಎಲಿಮೆಂಟಿಗೆ ಅಂಟಿಸುವ ಒಂದು ಹೆಸರು; ಆ ಹೆಸರಿದ್ದರೆ ಹೇಗೆ ಕಾಣಬೇಕೆಂದು ಸಿಎಸ್‌ಎಸ್‌ನಲ್ಲಿ ಬರೆದಿರುತ್ತೇವೆ. ಕ್ಲಾಸ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ, ಸೇರಿಸಿದರೆ ಟ್ರೂ (ಹೌದು), ತೆಗೆದರೆ ಫಾಲ್ಸ್ (ಇಲ್ಲ) ಅಂತ ಹೇಳುತ್ತದೆ. ಬಣ್ಣ ಯಾವುದೆಂಬುದು ಪೂರ್ತಿ ಸಿಎಸ್‌ಎಸ್ ಪಾಲು. ನಾಳೆ ಕೆಂಪು ಬೇಡ, ಹಸಿರು ಬೇಕು ಅಂದರೆ ಸ್ಕ್ರಿಪ್ಟ್ ಮುಟ್ಟಬೇಕಾಗಿಲ್ಲ. ಎಷ್ಟೋ ಕಡೆ ನಾವು ಸ್ಥಿತಿಯನ್ನು ಬಿಟ್ಟು ಅದರ ತೋರಿಕೆಯನ್ನೇ ವಿಚಾರಿಸುತ್ತಾ ಕೂರುತ್ತೇವಲ್ಲ ಅನ್ನಿಸಿತು.

ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ: ಡಿವ್ (ಬರೀ ಖಾಲಿ ಡಬ್ಬಿಯಂಥ ಎಲಿಮೆಂಟ್) ಬೇಡ, ಬಟನ್ನೇ ಬಳಸು. ಕೀಬೋರ್ಡಿನ ಎಂಟರ್, ಸ್ಪೇಸ್ ಎರಡೂ ತಾವಾಗಿಯೇ ಕೆಲಸ ಮಾಡುತ್ತವೆ. ಟಾಗಲ್ ಕೊಟ್ಟ ಉತ್ತರವನ್ನು ಬಟನ್ ಒತ್ತಿದ ಸ್ಥಿತಿಯಲ್ಲಿದೆಯೇ ಎಂದು ತಿಳಿಸುವ ಏರಿಯಾ-ಪ್ರೆಸ್ಡ್‌ಗೂ ಹಾಕಿದರೆ, ಬಣ್ಣ ಕಾಣದವರಿಗೆ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಆ ಸ್ಥಿತಿಯನ್ನು ತಿಳಿಸುತ್ತದೆ.