ಒಂದು ಕಿಲೋಮೀಟರ್, ಏಳು ನಿಮಿಷ

"ಗೇಟ್ ಹತ್ತಿರ ನಿಲ್ಲುವ ಕೆಲಸಕ್ಕೆ ಓಡಿ ಬೇರೆ ತೋರಿಸ್ಬೇಕಾ?"

ಹೆಂಡತಿ ಕೇಳಿದಳು. ಬೆಳಿಗ್ಗೆ ಐದೂವರೆ ಆಗಿತ್ತು. ಅಂಗಳದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ನಾನು ಜಗಲಿಯಲ್ಲಿ ಕೂತು ಶೂ ಲೇಸ್ ಕಟ್ಟುತ್ತಿದ್ದೆ. "ಹೌದು, ಒಂದು ಕಿಲೋಮೀಟರನ್ನು ಏಳು ನಿಮಿಷದಲ್ಲಿ ಓಡಬೇಕು. ನಿಯಮದಲ್ಲೇ ಇದೆ" ಅಂದೆ. ಅವಳು ಮತ್ತೇನೂ ಹೇಳದೆ ಎರಡು ಅಕ್ಕಿ ರೊಟ್ಟಿ ಡಬ್ಬಿಗೆ ಹಾಕಿದಳು.

ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅದಕ್ಕೂ ಮೊದಲು ಎರಡು ವರ್ಷ ನಾನು ಇದೇ ಸೆಕ್ಯೂರಿಟಿ ಗಾರ್ಡ್ ಕೆಲಸ ಮಾಡಿದ್ದೆ. ಆಗ ಯಾರೂ ನನ್ನನ್ನು ಓಡಿಸಿರಲಿಲ್ಲ, ಏನೂ ಕಲಿಸಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರಿನ ಕಡೆ ಗುಡ್ಡಗಳು ಜಾರಿದಾಗ ನಮ್ಮ ಸ್ವಲ್ಪ ಕಾಫಿ ತೋಟವೂ ಮಣ್ಣಿನಡಿ ಹೋಯಿತು. ಆಮೇಲೆ ಅಲ್ಲಿ ಇಲ್ಲಿ ಕೂಲಿ ಮಾಡಿದೆ. ಕೊನೆಗೆ ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಸೇರಿದ ದಿನ ಒಂದು ಖಾಕಿ ಅಂಗಿ, ಒಂದು ಟಾರ್ಚು ಕೊಟ್ಟರು. "ಇವತ್ತು ರಾತ್ರಿಯಿಂದಲೇ ಬಾ" ಅಂದರು. ನೇಮಕದ ಪತ್ರ ಇಲ್ಲ, ಪಿಎಫ್ ಇಲ್ಲ. ದಿನಕ್ಕೆ ಹನ್ನೆರಡು ಗಂಟೆ ಡ್ಯೂಟಿ. ಅಂಗಿಯ ದುಡ್ಡನ್ನೂ ಸಂಬಳದಲ್ಲಿ ಹಿಡಿದರು. ನಾನು ಕೇಳಲಿಲ್ಲ. ಕೇಳಬಹುದು ಅನ್ನುವುದೇ ಗೊತ್ತಿರಲಿಲ್ಲ.

2024ರ ಜುಲೈನಲ್ಲಿ, ಜೋರು ಮಳೆಯ ಒಂದು ರಾತ್ರಿ, ಅಡುಗೆಮನೆ ಹಿಂದಿನ ಮೀಟರ್ ಬೋರ್ಡ್‌ಗೆ ಬೆಂಕಿ ಹತ್ತಿಕೊಂಡಿತು. ಗೋಡೆಯ ಮೇಲೆ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಇತ್ತು. ಓಡಿ ಹೋಗಿ ಅದನ್ನು ಕೆಳಗಿಳಿಸಿದೆ. ಹಿಡಿಕೆ ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ, ತಲೆಕೆಳಗು ಮಾಡಿದೆ, ಅಲ್ಲಾಡಿಸಿದೆ. ಹಿಡಿಕೆಗೆ ಒಂದು ಪಿನ್ ಇರುತ್ತದೆ, ಅದನ್ನು ಎಳೆಯದೆ ಒತ್ತಲು ಆಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ರೂಮ್ ಬಾಯ್ ಒಂದು ಬಕೆಟ್ ನೀರು ತಂದು ಎರಚಲು ಹೊರಟಿದ್ದ. ಅಡುಗೆಯವರು ಅವನ ಕೈ ಹಿಡಿದು ಜಗ್ಗಿ, ಮೇನ್ ಸ್ವಿಚ್ ಆಫ್ ಮಾಡಿಸಿ, ಮರಳು ಹಾಕಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೇಲಿನ ರೂಮುಗಳಲ್ಲಿ ಮಕ್ಕಳು ಮಲಗಿದ್ದರು. ನನ್ನನ್ನು ನಂಬಿ ಮಲಗಿದ್ದರು ಅಲ್ವಾ? ಆ ರಾತ್ರಿ ಆ ಮಾತು ನನ್ನನ್ನು ಬಿಡಲಿಲ್ಲ. ತಿಂಗಳು ಮುಗಿಯುತ್ತಲೇ ಕೆಲಸ ಬಿಟ್ಟೆ.

ನಮ್ಮ ಮನೆಯ ಮೇಲಿನ ರಸ್ತೆಯಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಸುಬೇದಾರರು. ನಮ್ಮ ಜಿಲ್ಲೆಯಲ್ಲಿ ಅಂಥವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ಕಾರ್ಯಪ್ಪ ತಿಮ್ಮಯ್ಯನವರ ನಾಡು ಇದು. ಅವರ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಇನ್ನೊಂದು ವಿಷಯವನ್ನೂ ಹೇಳಿದೆ. ಒಬ್ಬ ಮಧ್ಯವರ್ತಿ ಎಂಟು ಸಾವಿರ ಕೊಟ್ಟರೆ 'ಗಾರ್ಡ್ ಲೈಸೆನ್ಸ್' ಮಾಡಿಸಿಕೊಡುತ್ತೇನೆ ಎಂದಿದ್ದ.

"ಕೊಟ್ಟುಬಿಟ್ಯಾ ಮಾರಾಯ?" ಅಂತ ಗಾಬರಿಯಿಂದ ಕೇಳಿದರು.

ಇಲ್ಲ ಅಂದೆ. ಆಗ ಅವರು ಹೇಳಿದ್ದು ನನಗೆ ಪೂರ್ತಿ ಹೊಸದು. ಇದಕ್ಕೆಂದೇ 2005ರ ಒಂದು ಕಾಯ್ದೆ ಇದೆ, ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಅದರಲ್ಲಿ ಲೈಸೆನ್ಸ್ ಬೇಕಾಗಿರುವುದು ಏಜೆನ್ಸಿಗೆ, ಗಾರ್ಡಿಗಲ್ಲ. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾರ್ಡಿಗೆ ಬೇಕಾಗಿರುವುದು ಬೇರೆ: ಭಾರತದ ಪ್ರಜೆಯಾಗಿರಬೇಕು, 18 ತುಂಬಿರಬೇಕು, 65 ದಾಟಿರಬಾರದು. ನಡತೆಯ ಬಗ್ಗೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ದೇಹದ ಅಳತೆ ಸರಿ ಇರಬೇಕು. ಮುಖ್ಯವಾಗಿ ತರಬೇತಿ ಆಗಿರಬೇಕು. ಇದೆಲ್ಲ ಆದ ಮೇಲೆ ಏಜೆನ್ಸಿಯೇ ಫೋಟೋ ಇರುವ ಗುರುತಿನ ಚೀಟಿ ಕೊಡುತ್ತದೆ. ಎಂಟು ಸಾವಿರ ಕೊಟ್ಟು ತರುವ ಕಾಗದ ಅಂತ ಒಂದು ಇಲ್ಲವೇ ಇಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈ ಕೆಲಸ ಹುಡುಕುತ್ತಿದ್ದರೆ ದಯವಿಟ್ಟು ಇದೊಂದು ನೆನಪಿಡಿ. ಏಜೆನ್ಸಿ ಆಫೀಸಿಗೆ ಹೋದಾಗ ಮೊದಲು ಗೋಡೆ ನೋಡಿ. ಲೈಸೆನ್ಸನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಿರಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ.

ನಾನು ಎರಡು ವರ್ಷ ತೊಟ್ಟಿದ್ದ ಖಾಕಿಯೂ ತಪ್ಪು. ಸೈನ್ಯದ ಅಥವಾ ಪೊಲೀಸರ ಬಟ್ಟೆಯಂತೆ ಕಾಣುವ ಯೂನಿಫಾರ್ಮ್ ಗಾರ್ಡ್ ಹಾಕುವಂತಿಲ್ಲ. ಹಾಕಿದರೆ ಶಿಕ್ಷೆ ಇದೆ. ಕೊಟ್ಟವರು ಅದನ್ನೂ ಹೇಳಿರಲಿಲ್ಲ.

ಲೈಸೆನ್ಸ್ ಇರುವ ಒಂದು ಏಜೆನ್ಸಿ ಹುಡುಕಿ ಅರ್ಜಿ ಕೊಟ್ಟೆ. ಸೈಬರ್ ಸೆಂಟರ್‌ನಲ್ಲಿ ಸೇವಾ ಸಿಂಧು ಮೂಲಕ ಪೊಲೀಸ್ ವೆರಿಫಿಕೇಶನ್‌ಗೆ ಹಾಕಿದೆ. ಅದೇನೂ ಕಷ್ಟ ಆಗಲಿಲ್ಲ.

ತರಬೇತಿ ನವೆಂಬರ್‌ನಲ್ಲಿ ಕುಶಾಲನಗರದ ಒಂದು ಬಾಡಿಗೆ ಹಾಲ್‌ನಲ್ಲಿ ನಡೆಯಿತು. ತರಗತಿಯಲ್ಲಿ 100 ಗಂಟೆ, ಹೊರಗೆ 60 ಗಂಟೆ. ಕಡಿಮೆ ಅಂದರೂ 20 ಕೆಲಸದ ದಿನ. ಮಾಜಿ ಸೈನಿಕರಿಗೆ, ಮಾಜಿ ಪೊಲೀಸರಿಗೆ 40 ಮತ್ತು 16 ಗಂಟೆ ಸಾಕು, ಏಳು ದಿನದಲ್ಲಿ ಮುಗಿಸಬಹುದು. ನಮ್ಮ ತಂಡದಲ್ಲಿ ಹದಿನೆಂಟು ಜನ ಇದ್ದೆವು, ಅದರಲ್ಲಿ ಮೂವರು ಹೆಂಗಸರು.

ಎರಡನೇ ದಿನವೇ ಬೆಂಕಿಯ ಪಾಠ. ಪಿನ್ ಎಳಿ, ನಾಜಲ್ ಅನ್ನು ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿ, ಹಿಡಿಕೆ ಒತ್ತು, ಎಡಕ್ಕೂ ಬಲಕ್ಕೂ ಆಡಿಸು. ಹೊರಗೆ ಹೋಗುವ ದಾರಿ ನಿನ್ನ ಬೆನ್ನ ಹಿಂದೆಯೇ ಇರಲಿ. ಪೌಡರ್ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ, ಸುಮ್ನೆ ದೂರದಿಂದ ಹೊಡೆದು ಹಾಳು ಮಾಡಬೇಡ. ಕರೆಂಟಿನ ಬೆಂಕಿಗೆ ನೀರು ಬೇಡವೇ ಬೇಡ. ಅಂಗಳದಲ್ಲಿ ಒಂದು ತಗಡಿನಲ್ಲಿ ಬೆಂಕಿ ಹಾಕಿ ಒಬ್ಬೊಬ್ಬರನ್ನೇ ಕರೆದರು. ನನ್ನ ಸರದಿ ಬಂದಾಗ ಪಿನ್ ಎಳೆದೆ. ಅದು ಎಷ್ಟು ಹಗುರವಾಗಿ ಬಂತು ಅಂದರೆ ನನ್ನ ಕಣ್ಣು ತುಂಬಿಬಂತು. ಹೊಗೆ ಅಂದುಕೊಂಡಿರಬೇಕು ಉಳಿದವರು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾನೂನಿನ ಪಾಠ. ಗಾರ್ಡ್ ಪೊಲೀಸ್ ಅಲ್ಲ. ಯೂನಿಫಾರ್ಮ್ ಹಾಕಿದ್ದರಿಂದ ಹೊಸ ಅಧಿಕಾರ ಏನೂ ಬರುವುದಿಲ್ಲ. ಕಣ್ಣೆದುರೇ ಜಾಮೀನು ಸಿಗದ, ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧ ನಡೆದರೆ ಯಾವುದೇ ನಾಗರಿಕ ಆ ವ್ಯಕ್ತಿಯನ್ನು ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ನಮ್ಮ ಕಡೆ ತೋಟದಲ್ಲಿ ಕರಿಮೆಣಸೋ ಕಾಫಿಯೋ ಕದ್ದವನು ಸಿಕ್ಕಿದರೆ ಮರಕ್ಕೆ ಕಟ್ಟಿ ಹೊಡೆದ ಕಥೆಗಳನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿ ಖುಷಿಪಟ್ಟದ್ದೂ ಇದೆ. ಮೇಷ್ಟ್ರು ಆ ದಿನ ನಿಧಾನವಾಗಿ ಹೇಳಿದರು, "ಹೊಡೆದ ಕ್ಷಣದಿಂದ ಅಪರಾಧಿ ನೀವು." ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಎರಡು ಗೆರೆ ಎಳೆದೆ.

ಒಬ್ಬ ಹುಡುಗ ಕೋವಿ ಯಾವಾಗ ಕಲಿಸುತ್ತೀರಿ ಅಂತ ಕೇಳಿದ. ನಮ್ಮಲ್ಲಿ ಅದು ಸಹಜವಾದ ಪ್ರಶ್ನೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಮನೆ ಮನೆಯಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಆದರೆ ಗಾರ್ಡ್ ತರಬೇತಿಯಲ್ಲಿ ಬಂದೂಕಿನ ಪಾಠ ಕಡ್ಡಾಯವಲ್ಲ. ನಿಮ್ಮ ಆಯುಧ ಇದು ಅಂತ ಮೇಷ್ಟ್ರು ಸೀಟಿ ತೋರಿಸಿದರು. ದಾರಕ್ಕೆ ಕಟ್ಟಿ ಎಡಗಡೆಯ ಜೇಬಿನಲ್ಲಿ ಇರಬೇಕು.

ತಂಡದಲ್ಲಿ ಸಿದ್ದಾಪುರ ಕಡೆಯ ಒಬ್ಬ ಅಣ್ಣ ಇದ್ದರು. ಐವತ್ತು ದಾಟಿತ್ತು. ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿ. ಕನ್ನಡ ಅಲ್ಪಸ್ವಲ್ಪ ಓದುತ್ತಿದ್ದರು. ಆದರೆ ಗುರುತಿನ ಚೀಟಿ ನೋಡಿ ಒಳಗೆ ಬಿಡಬೇಕಲ್ಲ, ಇಂಗ್ಲಿಷ್ ಅಕ್ಷರ, ಅಂಕಿ ಗುರುತಿಸಲು ಬರಬೇಕು ಅಂತ ನಿಯಮ. ಮೂರನೇ ದಿನ ಅವರು ಚೀಲ ಹಿಡಿದು ಹೊರಟೇಬಿಟ್ಟಿದ್ದರು. ನಾನು ಬಸ್ ಸ್ಟ್ಯಾಂಡ್ ತನಕ ಜೊತೆಗೆ ಹೋದೆ. ಅಲ್ಲಿ ನಿಂತಿದ್ದ ಜೀಪು, ಪಿಕಪ್‌ಗಳ ನಂಬರ್ ಪ್ಲೇಟ್ ತೋರಿಸಿದೆ. "ಅಣ್ಣ, ಇದು ಕೆ, ಇದು ಎ. ಮುಂದೆ ಹನ್ನೆರಡು. ಕೆಎ ಹನ್ನೆರಡು ಅಂದ್ರೆ ನಮ್ಮ ಕೊಡಗಿನ ಗಾಡಿ." ಅವರು ಬಸ್ಸು ಹತ್ತಲಿಲ್ಲ. ಅಂದಿನಿಂದ ದಿನವೂ ಸಂಜೆ ರಸ್ತೆ ಬದಿ ನಿಂತು ಗಾಡಿಗಳ ನಂಬರ್ ಓದುವುದೇ ಅವರ ಪಾಠ. ಕೆಎ ಒಂಬತ್ತು ಮೈಸೂರು, ಕೆಎ ಹದಿಮೂರು ಹಾಸನ. ಇಪ್ಪತ್ತು ದಿನದಲ್ಲಿ ಇಡೀ ಅಕ್ಷರಮಾಲೆ ನಂಬರ್ ಪ್ಲೇಟಿನಿಂದಲೇ ಬಂತು.

ಇನ್ನು ಓಟದ ದಿನ. ಬೆಳಿಗ್ಗೆ ಮೊದಲು ಅಳತೆ. ಗಂಡಸರಿಗೆ 160 ಸೆಂಟಿಮೀಟರ್ ಎತ್ತರ, ಹೆಂಗಸರಿಗೆ 150. ಗಂಡಸರಿಗೆ ಎದೆ 80 ಸೆಂಟಿಮೀಟರ್, ಉಸಿರು ಎಳೆದಾಗ ಇನ್ನೂ 4 ಹಿಗ್ಗಬೇಕು. ಕಣ್ಣಿಗೆ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು, ಬಣ್ಣಗುರುಡು ಇರಬಾರದು. ಕನ್ನಡಕ ಇದ್ದರೆ ತೊಂದರೆ ಇಲ್ಲ. ಒದ್ದೆ ಕಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಡೆಸಿ ಪಾದದ ಗುರುತು ನೋಡಿದರು, ಚಪ್ಪಟೆ ಪಾದ ಆಗಬಾರದು.

ಆಮೇಲೆ ಮೈದಾನ. ನಾನು ಮೊದಲ ಗುಂಪಿನಲ್ಲಿ ಓಡಿದೆ. ಎರಡು ತಿಂಗಳಿಂದ ಸುಬೇದಾರರು ನನ್ನನ್ನು ಮನೆ ಮುಂದಿನ ಏರಿನಲ್ಲಿ ಓಡಿಸಿದ್ದರು. ಕುಶಾಲನಗರದ ಸಮತಟ್ಟು ನೆಲದಲ್ಲಿ ಕಾಲು ತಾನಾಗಿ ಹೋಯಿತು. 5 ನಿಮಿಷ 50 ಸೆಕೆಂಡ್.

ಸಿದ್ದಾಪುರದ ಅಣ್ಣ ಎರಡನೇ ಗುಂಪು. ಅರ್ಧ ದಾರಿಗೆ ಬರುವಾಗ ಪಕ್ಕೆ ಹಿಡಿದುಕೊಂಡರು. ನಾನು ಅಂಚಿನಲ್ಲಿ ನಿಂತಿದ್ದವನು ತಡೆಯಲಾರದೆ ಗೆರೆಯ ಹೊರಗೇ ಅವರ ಜೊತೆ ಓಡತೊಡಗಿದೆ. "ಅಣ್ಣ, ಮೂಗಲ್ಲಿ ಉಸಿರೆಳೀರಿ, ಕೈ ಬಿಡಿ." ಮೇಷ್ಟ್ರು ನೋಡಿದರು, ಬೇಡ ಅನ್ನಲಿಲ್ಲ. ಕೊನೆಯ ಸುತ್ತಿಗೆ ಉಳಿದ ಹದಿನಾರು ಜನವೂ ಅಂಚಿಗೆ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಅವರು ಗೆರೆ ದಾಟಿ ಹುಲ್ಲಿನ ಮೇಲೆ ಕೂತುಬಿಟ್ಟರು.

"6 ನಿಮಿಷ 48" ಅಂದರು ಮೇಷ್ಟ್ರು.

ಅಣ್ಣನಿಗೆ ಮೊದಲು ಅರ್ಥವಾಗಲಿಲ್ಲ. "ಆಯ್ತಾ, ಆಗ್ಲಿಲ್ವಾ?" ಎಂದು ನನ್ನ ಮುಖ ನೋಡಿದರು. ಆಯ್ತು ಅಂದೆ. ಡಬ್ಬಿ ಬಿಚ್ಚಿ ಇಬ್ಬರೂ ಒಂದೊಂದು ರೊಟ್ಟಿ ತಿಂದೆವು.

ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ನಮ್ಮಿಬ್ಬರನ್ನೂ ಒಂದೇ ಕಡೆ ಹಾಕಿದರು. ಒಂದು ದೊಡ್ಡ ತೋಟದ ಕಣ ಮತ್ತು ಗೋಡೌನ್. ಆ ವರ್ಷ ಕಾಫಿಗೆ ಎಂದೂ ಕಾಣದ ಬೆಲೆ ಬಂದಿತ್ತು. ಕಣದಲ್ಲಿ ಒಣಗಲು ಹರಡಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ರಾತ್ರಿ ಕಾಯುವುದೇ ಎಲ್ಲರಿಗೂ ಚಿಂತೆ. ಈ ಸಲ ನೇಮಕದ ಪತ್ರ ಕೈಗೆ ಬಂತು. ಸಂಬಳದ ಚೀಟಿಯಲ್ಲಿ ಪಿಎಫ್, ಇಎಸ್‌ಐ ಎರಡೂ ಇತ್ತು. ಡ್ಯೂಟಿ ಎಂಟು ಗಂಟೆ, ಹೆಚ್ಚು ನಿಂತರೆ ಆ ಗಂಟೆಗಳಿಗೆ ಎರಡರಷ್ಟು. ನೀಲಿ ಅಂಗಿ, ಎದೆಯ ಮೇಲೆ ಫೋಟೋ ಇರುವ ಚೀಟಿ. ಅದನ್ನು ಸೊಂಟಕ್ಕಿಂತ ಮೇಲೆ, ಮುಂದುಗಡೆ, ಎಲ್ಲರಿಗೂ ಕಾಣುವಂತೆ ಹಾಕಬೇಕು. ಮೊದಲ ದಿನ ಅದನ್ನು ಹಾಕಿಕೊಂಡೇ ಸುಬೇದಾರರ ಮನೆಗೆ ಹೋದೆ. ಅವರು ಸೀಟಿಯ ದಾರ ಸರಿ ಮಾಡಿ, ಭುಜ ತಟ್ಟಿ ಕಳಿಸಿದರು.

ಜನವರಿಯ ಒಂದು ಬೆಳಗಿನ ಜಾವ ಚೆರಿ ಚೀಲ ತುಂಬಿದ ಲಾರಿ ಗೋಡೌನ್‌ನಿಂದ ಹೊರಟಿತು. ಚಳಿಗೆ ಬೆರಳು ಮರಗಟ್ಟಿತ್ತು. ಚೀಲ ಎಣಿಸುವ ಕೆಲಸ ನನ್ನದು, ರಿಜಿಸ್ಟರ್ ಅಣ್ಣನದು. ಅವರು ಟಾರ್ಚನ್ನು ಲಾರಿಯ ಹಿಂದಿನ ಪ್ಲೇಟಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಬರೆದರು. ಲಾರಿಯವನು ಹಾರ್ನ್ ಹೊಡೆದ. ಅವರು ಅವಸರ ಮಾಡಲಿಲ್ಲ. ಕೊನೆಗೆ ಟೈಮ್ 5:20 ಎಂದು ಬರೆದು, ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು.

"ಸರಿ ಉಂಟಾ ನೋಡಿ."

ಪ್ಲೇಟ್ ನೋಡಿದೆ, ಪುಟ ನೋಡಿದೆ. ಸರಿ ಇತ್ತು. ಗೇಟ್ ತೆಗೆದೆ.