ಬಾಡಿಗೆ ಮನೆ, ಹದಿನೈದು ಸಾವಿರ ರೂಪಾಯಿ ಮತ್ತೆ ಅತ್ತೆಯ ಇಳಕಲ್ ಸೀರೆ

ಈ ಮನೆಗೆ ಹಾಲು ಉಕ್ಕಿಸಿ ಬಂದು ಎರಡು ವರ್ಷ ಆಯ್ತು. ಬೆಂಗಳೂರಲ್ಲಿ ಎರಡನೇ ಮಹಡಿ, ಟೂ ಬಿಎಚ್‌ಕೆ, ಬಿಳೀ ಟೈಲ್ಸು, ಕೆನೆ ಬಣ್ಣದ ಗೋಡೆ, ಹಾಲ್ ಮಧ್ಯೆ ಒಂದು ಟ್ಯೂಬ್‌ಲೈಟು. ಓನರ್ ಆಂಟಿ ಕೀ ಕೊಡುವಾಗ್ಲೇ ಹೇಳಿದ್ರು, "ಮೊಳೆ ಮಾತ್ರ ಹೊಡೀಬೇಡಮ್ಮ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊತೀವಿ" ಅಂತ. ಅಡ್ವಾನ್ಸು, ಸಾಮಾನು ಸಾಗಿಸಿದ ಗಾಡಿ ದುಡ್ಡು, ಗ್ಯಾಸು, ಗೀಸರು ಎಲ್ಲಾ ಆದ್ಮೇಲೆ ನಮ್ಮ ಕೈಲಿ ಉಳಿದಿದ್ದು ಹದಿನೈದು ಸಾವಿರ ರೂಪಾಯಿ. ಇಷ್ಟರಲ್ಲೇ ಮನೆ ಚೆನ್ನಾಗಿ ಕಾಣಬೇಕು ಅಂತ ನನಗೆ ತುಂಬಾ ಆಸೆ ಇತ್ತು, ಯಾಕಂದ್ರೆ ಬಾಡಿಗೆ ಮನೆ ಅಂತ ಹೇಳ್ಕೊಂಡು ಹತ್ತು ಹದಿನೈದು ವರ್ಷ ಬರೀ ಗೋಡೆ ನೋಡ್ಕೊಂಡು ಬದುಕೋರನ್ನ ನಾನು ಹತ್ತಿರದಿಂದ ನೋಡಿದ್ದೀನಿ, ನಮ್ಮಮ್ಮನೂ ಹಾಗೇ ಇದ್ದರು, "ಸ್ವಂತ ಮನೆ ಆದ್ಮೇಲೆ ಮಾಡೋಣ" ಅಂತ. ಆ ಸ್ವಂತ ಮನೆ ಆಗೋ ಹೊತ್ತಿಗೆ ಅವರಿಗೆ ಮಂಡಿ ನೋವು ಶುರುವಾಗಿತ್ತು.

ಮೊದಲು ನಾನು ದುಡ್ಡು ಕಳ್ಕೊಂಡಿದ್ದು ಹೇಳ್ಬಿಡ್ತೀನಿ. ಆನ್‌ಲೈನಲ್ಲಿ ಇಟ್ಟಿಗೆ ಡಿಸೈನ್ ಇರೋ ಅಂಟಿಸೋ ವಾಲ್‌ಪೇಪರ್ ತರಿಸಿ ಟಿವಿ ಹಿಂದಿನ ಗೋಡೆಗೆ ಹಾಕಿದ್ದೆ, ಎರಡು ಸಾವಿರದ ಇನ್ನೂರು. ಏಪ್ರಿಲಲ್ಲಿ ಹಾಕಿದ್ದು, ಜೂನಲ್ಲಿ ಮಳೆ ಶುರುವಾಗಿ ಆ ಗೋಡೆ ಥಂಡಿ ಹಿಡೀತು, ಒಂದಿನ ಬೆಳಗ್ಗೆ ಎದ್ದು ನೋಡಿದ್ರೆ ಮೇಲಿನ ಮೂಲೆ ಕಿತ್ತು ಬಾಗಿ ನಿಂತಿದೆ, ಎಳೆದರೆ ಅದರ ಜೊತೆಗೇ ಪೇಂಟೂ ಚಕ್ಕೆ ಚಕ್ಕೆಯಾಗಿ ಬಂತು. ಹೊರಗಡೆ ಮಳೆ ಹೊಡೆಯೋ ಗೋಡೆಗೆ ಯಾವ ಅಂಟಿಸೋ ಸಾಮಾನೂ ಬೇಡ, ಗಮ್ ಹುಕ್ ಕೂಡ ಬೇಡ. ಅದರ ಮೇಲೆ ಡಿಸ್ಟೆಂಪರ್ ಹೊಡೆದ ಗೋಡೆ ಆಗಿದ್ರೆ ಯಾವ ಕಾಲದಲ್ಲೂ ಬೇಡ. ಕೈ ಉಜ್ಜಿ ನೋಡಿ, ಅಂಗೈಗೆ ಬಿಳೀ ಪುಡಿ ಹತ್ತಿದ್ರೆ ಡಿಸ್ಟೆಂಪರ್ ಅಂತ ಲೆಕ್ಕ.

ಅದಾದ್ಮೇಲೆ ಒಂದು ತಿಂಗಳು ಏನೂ ತರಲಿಲ್ಲ. ಬದಲಿಗೆ ತೆಗೆದೆ. ಶೋಕೇಸಲ್ಲಿದ್ದ ಪ್ಲಾಸ್ಟಿಕ್ ಹೂವು, ಯಾರ್ಯಾರೋ ಗೃಹಪ್ರವೇಶಕ್ಕೆ ಕರೆದು ರಿಟರ್ನ್ ಗಿಫ್ಟ್ ಅಂತ ಕೊಟ್ಟ ಗಾಜಿನ ಬಾತುಕೋಳಿಗಳು, ಕೆಟ್ಟುಹೋಗಿರೋ ಮೂರು ಗಡಿಯಾರ, ಬಾಗಿಲ ಹಿಂದೆ ತೂಗ್ತಿದ್ದ ಹತ್ತು ಬ್ಯಾಗು. ಮೂರು ರಟ್ಟಿನ ಬಾಕ್ಸ್ ಆಯ್ತು. ಹಾಲ್ ಅರ್ಧ ಅಷ್ಟಕ್ಕೇ ಚೆನ್ನಾಗಿ ಕಾಣಕ್ಕೆ ಶುರುವಾಯ್ತು, ಒಂದು ಪೈಸೆ ಖರ್ಚಿಲ್ಲದೆ.

ಆಮೇಲೆ ಬೆಳಕು. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಕಮ್ಮಿ ದುಡ್ಡಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಯಾವುದರಿಂದಲೂ ಆಗಲ್ಲ ಅಂತ ನನಗೆ ಗಟ್ಟಿಯಾಗಿ ಅನ್ಸಿದೆ. ನಮ್ಮ ಮನೆಗಳಲ್ಲಿ ಒಂದೇ ಒಂದು ಬಿಳೀ ಟ್ಯೂಬ್‌ಲೈಟು ನೆತ್ತಿ ಮೇಲಿಂದ ಇಡೀ ರೂಮಿಗೆ ಒಂದೇ ಸಮ ಬೆಳಕು ಚೆಲ್ಲುತ್ತೆ, ಮೂಲೆಗೂ ಅದೇ, ಮುಖಕ್ಕೂ ಅದೇ, ಎಷ್ಟು ಒಳ್ಳೇ ಸೋಫಾ ಇದ್ರೂ ಆಸ್ಪತ್ರೆ ವೇಟಿಂಗ್ ಹಾಲ್ ಥರ ಕಾಣುತ್ತೆ. ಎಲ್‌ಇಡಿ ಬಲ್ಬ್ ಬಾಕ್ಸ್ ಮೇಲೆ ಸಣ್ಣಕ್ಷರದಲ್ಲಿ ಒಂದು ನಂಬರ್, ಪಕ್ಕದಲ್ಲಿ ಕೆ ಅಂತ ಇರುತ್ತೆ, ಕೆಲ್ವಿನ್ ಅಂತ. 6500 ಕೆ ಅಂದ್ರೆ ನೀಲಿ ಮಿಶ್ರಿತ ಬಿಳಿ. 2700 ಅಥವಾ 3000 ಕೆ ಅಂದ್ರೆ ಹಳದಿ, ಹೆಚ್ಚುಕಮ್ಮಿ ನಮ್ಮ ಹಳೇ ಬುರುಡೆ ಬಲ್ಬಿನ ಬಣ್ಣ. ಅಂಗಡಿಯವರನ್ನ ವಾರ್ಮ್ ವೈಟ್ ಕೊಡಿ ಅಂತ ಕೇಳಿದ್ರೆ ಸಾಕು. ನಾನು 9 ವ್ಯಾಟಿನ ಆರು ಬಲ್ಬ್ ತಂದೆ, ಆರೂ ಸೇರಿ ಏಳುನೂರರ ಒಳಗೇ ಆಯ್ತು. ಒಂದನ್ನ ಮೂಲೆಯಲ್ಲಿ ನೆಲದ ಮೇಲೆ, ಒಂದನ್ನ ದಿವಾನ್ ಪಕ್ಕ ಕೂತಾಗ ಭುಜದ ಎತ್ತರಕ್ಕೆ, ಒಂದನ್ನ ಪುಸ್ತಕದ ಶೆಲ್ಫ್ ಮೇಲೆ ಗೋಡೆ ಕಡೆ ತಿರುಗಿಸಿ. ಲ್ಯಾಂಪ್ ಶೇಡಿಗೆ ಬಂಬೂ ಬಜಾರಿಂದ ಎರಡು ಬಿದಿರು ಬುಟ್ಟಿ ತಂದು ಕವುಚಿ, ತಳದಲ್ಲಿ ತೂತು ಮಾಡಿ ಹೋಲ್ಡರ್ ಕೂರಿಸಿದ್ವಿ, ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದ್ದು. ಹಳೇ 60 ವ್ಯಾಟ್ ಬಲ್ಬ್ ಆಗಿದ್ರೆ ಬಿದಿರು ಕಾಯುತ್ತೆ ಅನ್ನೋ ಭಯ ಇರ್ತಿತ್ತು, ಎಲ್‌ಇಡಿ ಅಷ್ಟು ಬಿಸಿ ಆಗಲ್ಲ. ಸಂಜೆ ದೀಪ ಹಚ್ಚಿದ್ಮೇಲೆ ಈ ಮೂರು ಹಾಕಿದ್ರೆ ಬುಟ್ಟಿಯ ಹೆಣಿಗೆಯ ನೆರಳು ಗೋಡೆ ತುಂಬಾ ಹರಡ್ಕೊಳ್ಳುತ್ತೆ, ಆ ಗೋಡೆಗೆ ಬೇರೆ ಏನೂ ಬೇಡ. ಅಡುಗೆಮನೆಗೆ ಮಾತ್ರ ಬಿಳೀ ಲೈಟೇ ಇರಲಿ, ಬೇಳೆಯಲ್ಲಿ ಕಲ್ಲು ಆರಿಸಬೇಕಲ್ಲ.

ಬೆಳಕಾದ ಮೇಲೆ ಬಟ್ಟೆ. ಕರ್ಟನ್ ಅಂಗಡಿಗೆ ಹೋಗಿ ಕೇಳಿದ್ರೆ ಬಾಲ್ಕನಿ ಬಾಗಿಲಿಗೇ ನಾಲ್ಕು ಸಾವಿರ ಅಂದ್ರು. ಅವತ್ತೇ ರಾತ್ರಿ ಫೋನಲ್ಲಿ ಅತ್ತೆ ಹತ್ರ ಹೇಳ್ಕೊಂಡೆ. ನಮ್ಮನೆಯವರದು ಬಾಗಲಕೋಟೆ ಕಡೆ. ಅತ್ತೆ ಟ್ರಂಕಲ್ಲಿ ಒಂದು 9 ಗಜದ ಇಳಕಲ್ ಸೀರೆ ಇತ್ತು, ಕಡು ಹಸಿರು ಒಡಲು, ಕೆಂಪು ಸೆರಗು, ಕೆಳಗಿನ ಅಂಚು ಎರಡು ಕಡೆ ಹರಿದಿದೆ ಅಂತ ಉಡದೇ ಇಟ್ಟಿದ್ದು. ಅವರೇ ಹೇಳಿದ್ರು, "ಟ್ರಂಕಿನ್ಯಾಗ ಇಟ್ರ ಯಾರ್ ನೋಡ್ತಾರ, ಬಾಗಲಕ್ಕ ಹಾಕಿದ್ರ ಬಂದ ಮಂದಿ ನೋಡ್ತಾರ, ಕತ್ತರಸವಾ, ಸೆರಗಷ್ಟ ಕತ್ತರಸಬ್ಯಾಡ" ಅಂತ. ನನಗೆ ಕಣ್ಣಲ್ಲಿ ನೀರು ಬಂತು, ಅದು ಅವರ ತವರಿನ ಸೀರೆ.

ಸೆರಗು ಯಾಕೆ ಕತ್ತರಿಸಬಾರದು ಅಂದ್ರೋ ಸೀರೆ ಕೈಗೆ ಬಂದ್ಮೇಲೆ ಗೊತ್ತಾಯ್ತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ದಾರ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಹೋಗೋ ಎಳೆ, ಹತ್ತಿಯದು, ಸೆರಗಿನದು ರೇಷ್ಮೆ, ಎರಡನ್ನೂ ಒಂದೊಂದೇ ಎಳೆಯಾಗಿ ಕುಣಿಕೆ ಹಾಕಿ ಸೇರಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. ಆ ಜಾಗವನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ರೆ ಹಸಿರು ಮುಗಿದು ಕೆಂಪು ಶುರುವಾಗೋ ಗೆರೆ ಉದ್ದಕ್ಕೂ ಸಾಸಿವೆಗಿಂತ ಸಣ್ಣ ಕುಣಿಕೆಗಳ ಸಾಲು. ಬೆರಳಿಗೆ ಸ್ವಲ್ಪ ಉಬ್ಬಾಗಿ ಸಿಗುತ್ತೆ. ಅದರಾಚೆ ಟೋಪ್ ತೆನೆ, ಅಂದ್ರೆ ಕೆಂಪು ರೇಷ್ಮೆ ಮೇಲೆ ಬಿಳೀ ತೆನೆ ತೆನೆಯಾಗಿ ಬರೋ ಆ ಸೆರಗಿನ ವಿನ್ಯಾಸ. ಇದನ್ನ ಹೇಗೆ ತಾನೇ ಕತ್ತರಿಸೋದು?

9 ಗಜ ಅಂದ್ರೆ ಎಂಟು ಮೀಟರ್ ಮೇಲೆ. ಬಾಗಿಲಿನ ಪರದೆಗೆ ಮಡಿಕೆ ಸೇರಿ ಎರಡೂಕಾಲು ಮೀಟರ್ ಬೇಕು, ಅಲ್ಲಿಗೆ ಮೂರು ಪರದೆ ಆಗಿ ಇನ್ನೂ ಮಿಕ್ಕುತ್ತೆ. ಹರಿದ ಜಾಗ ಪರದೆಯ ಮೇಲಿನ ಮಡಿಕೆಯೊಳಗೆ ಹೋಗೋ ಹಾಗೆ ಅಳತೆ ಹಾಕಿದ್ವಿ. ನಮ್ಮ ಬೀದಿ ಟೈಲರ್ ಅಣ್ಣ ಒಂದು ಒಳ್ಳೇ ಮಾತು ಹೇಳಿದ್ರು, ಹಿಂದೆ ಬಿಳೀ ಕಾಟನ್ ಲೈನಿಂಗ್ ಕೊಡಿಸಿ ಮೇಡಂ, ಬಿಸಿಲಿಗೆ ಹಳೇ ನೂಲು ಬೇಗ ಪಿಸಿಯುತ್ತೆ ಅಂತ. ಲೈನಿಂಗ್ ಬಟ್ಟೆ, ಹೊಲಿಗೆ, ರಿಂಗು ಎಲ್ಲಾ ಸೇರಿ ಸಾವಿರದ ನಾನೂರು. ಸೆರಗನ್ನ ಕೊಂಡಿ ಸಮೇತ ಒಂದು ಗೇಣು ಹಸಿರು ಉಳಿಸ್ಕೊಂಡು ದಿವಾನ್ ಬೆನ್ನಿಗೆ ಹಾಸಿದ್ದೀನಿ, ಮಧ್ಯಾಹ್ನದ ಬಿಸಿಲು ಅಲ್ಲಿಗೆ ಬರಲ್ಲ.

ಆ ಕೆಂಪು ಹಸಿರು ಸಿಕ್ಕಮೇಲೆ ಬೇರೆ ಏನು ತರೋದು ಅನ್ನೋದು ತಾನಾಗೇ ಸುಲಭ ಆಯ್ತು. ಅಂಗಡಿಯಲ್ಲಿ ಎಷ್ಟೇ ಚಂದದ ನೀಲಿ ಕುಶನ್ ಕಂಡ್ರೂ ಮನೇಲಿ ಈ ಕೆಂಪಿನ ಪಕ್ಕ ಕೂರುತ್ತಾ ಅಂತ ಒಂದು ಸಲ ಯೋಚಿಸಿದ್ರೆ ಕೈ ತಾನಾಗೇ ಹಿಂದೆ ಬರುತ್ತೆ. ಕುಶನ್ ಕವರಿಗೆ ಗುಳೇದಗುಡ್ಡದ ಖಣ ತರಿಸಿದೆ. ಖಣ ಅಂದ್ರೆ ಆ ಕಡೆ ಇಳಕಲ್ ಸೀರೆ ಜೊತೆ ಹಾಕೋ ಕುಪ್ಪಸದ ಬಟ್ಟೆ, ಅಂಗಡಿಯಲ್ಲಿ ತ್ರಿಕೋನವಾಗಿ ಮಡಚಿ ಜೋಡಿಸಿಟ್ಟಿರ್ತಾರೆ, ಮೈ ತುಂಬಾ ಪುಟ್ಟ ಪುಟ್ಟ ಚಿತ್ತಾರ, ತೇರು, ಆನೆ ಹೆಜ್ಜೆ ಅಂತ ಒಂದೊಂದಕ್ಕೂ ಹೆಸರಿದೆ. ಕುಪ್ಪಸದ ಅಳತೆಗೆ ನೇಯೋದ್ರಿಂದ ಪನ್ನ, ಅಂದ್ರೆ ಬಟ್ಟೆಯ ಅಗಲ, ಕಮ್ಮಿ, ಸೋಫಾ ಹೊದಿಕೆಗೆ ಸಾಲಲ್ಲ, 16 ಇಂಚಿನ ಕುಶನ್‌ಗೆ ಹೇಳಿ ಮಾಡಿಸಿದ ಹಾಗಿದೆ. ಟೈಲರ್‌ಗೆ ಒಂದೇ ಮಾತು ಮುಂಚೇನೇ ಹೇಳಿ: ಅಂಚು ಹೊಲಿಗೆ ಒಳಗೆ ಹೋಗಬಾರದು, ಕುಶನ್ನಿನ ಒಂದು ಪಕ್ಕಕ್ಕೆ ಪಟ್ಟಿ ಥರ ಕಾಣಬೇಕು. ನನ್ನ ಮೊದಲ ಎರಡರಲ್ಲಿ ಅಂಚೆಲ್ಲ ಒಳಗೆ ಹೋಗ್ಬಿಟ್ಟಿತ್ತು, ಬಿಚ್ಚಿಸಿ ಮತ್ತೆ ಹೊಲಿಸಬೇಕಾಯ್ತು. ಒಳಗೆ ತುಂಬಿಸಕ್ಕೆ ಹಳೇ ದಿಂಬಿನ ಬೂರುಗದ ಹತ್ತಿಯನ್ನ ಎರಡು ದಿನ ಟೆರೇಸಲ್ಲಿ ಬಿಸಿಲಿಗೆ ಹಾಕಿ ಕೈಯಲ್ಲೇ ಬಿಡಿಸಿ ತುಂಬಿದ್ದು. ಐದು ಕುಶನ್ನಿಗೆ ಒಟ್ಟು ಸಾವಿರದ ಎಂಟುನೂರು ಆಯ್ತು, ಕಮ್ಮಿ ಅಲ್ಲ ನಿಜ, ಆದ್ರೆ ನೇಯ್ದವರ ಕೈಗೆ ಹೋಗೋ ದುಡ್ಡು ಅನ್ನೋ ಸಮಾಧಾನ ಇದೆ.

ನೆಲಕ್ಕೆ ನವಲಗುಂದದ ಜಮಖಾನ ಬೇಕು ಅಂತ ನನ್ನ ಆಸೆ, ಅಲ್ಲಿ ಹೆಣ್ಮಕ್ಕಳೇ ಮಗ್ಗದಲ್ಲಿ ಕೂತು ನವಿಲು, ಪಗಡೆ ಹಾಸು ಎಲ್ಲಾ ನೇಯ್ತಾರೆ. ಅದರ ಬೆಲೆ ನಮ್ಮ ಈ ಬಜೆಟ್ಟಿಗೆ ಬರಲಿಲ್ಲ, ಹಾಗಂತ ಅದರದೇ ಡಿಸೈನ್ ಪ್ರಿಂಟ್ ಹಾಕಿರೋ ಮಿಷಿನ್ ಕಾರ್ಪೆಟ್ ತರಕ್ಕೆ ಮನಸ್ಸು ಬರಲಿಲ್ಲ. ಸದ್ಯಕ್ಕೆ ಕೆಂಪು ಪಟ್ಟೆಯ ಸಾದಾ ಹತ್ತಿ ಜಮಖಾನ, ಚಿಕ್ಕಪೇಟೆಯಿಂದ, ಒಂಬೈನೂರು. ಜಾರದ ಹಾಗೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ, ಟೈಲ್ಸ್ ಮೇಲೆ ವಯಸ್ಸಾದವರು ಜಾರಿ ಬಿದ್ದಾರು.

ಗೋಡೆಗೆ ಮೊರ. ಗೌರಿ ಹಬ್ಬದಲ್ಲಿ ಬಾಗಿನ ತಗೊಂಡ್ರೆ ಜೋಡಿ ಮೊರ ಮನೆಗೆ ಬಂದೇ ಬರುತ್ತೆ, ನಮ್ಮ ಸಜ್ಜಾ ಮೇಲೆ ಹನ್ನೊಂದು ಇತ್ತು, ಕೆಲವಕ್ಕೆ ಇನ್ನೂ ಅರಿಶಿನದ ಬಣ್ಣ ಇದೆ. ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಒಣಗಿಸಿ, ಸಣ್ಣದು ದೊಡ್ಡದು ಐದು ಆರಿಸಿ, ಮೊದಲು ನೆಲದ ಮೇಲೇ ಜೋಡಿಸಿ ಕುರ್ಚಿ ಮೇಲೆ ನಿಂತು ನೋಡಿದ್ವಿ. ಮೊಳೆ ಹೊಡೆಯೋ ಹಾಗಿಲ್ಲವಲ್ಲ, ಹಿಂದಿನವರು ಬಿಟ್ಟುಹೋದ ಎರಡು ಮೊಳೆ ನಡುವೆ ಒಂದು ಬಿದಿರು ಕೋಲು ಇಟ್ಟು ಅದರಿಂದ ಸೆಣಬಿನ ಹುರಿಯಲ್ಲಿ ಇಳಿಬಿಟ್ಟಿದ್ದೀವಿ. ಅರಿಶಿನ ಹತ್ತಿದ್ದನ್ನ ತೊಳೆದು ಹಾಕಲಿಲ್ಲ, ಆ ಹಳದಿ ಅಲ್ಲಲ್ಲಿ ಇರೋದೇ ಚೆಂದ. ಬಂದವರೆಲ್ಲ ಮೊದಲು ಅದನ್ನೇ ಕೇಳ್ತಾರೆ.

ಟೀಪಾಯಿ ಅಪ್ಪನ ಹಾಸ್ಟೆಲ್ ಟ್ರಂಕು. ತುಕ್ಕು ಹಿಡಿದಿತ್ತು. ಎಮರಿ ಪೇಪರಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಆಮೇಲೆ ಕಡು ಹಸಿರು ಎನಾಮಲ್ ಎರಡು ಕೋಟು, ಮಧ್ಯೆ ಒಂದು ದಿನ ಪೂರ್ತಿ ಒಣಗಿಸಬೇಕು, ಆತುರ ಪಟ್ರೆ ಅಂಟಂಟು ಉಳಿಯುತ್ತೆ. ಮುಂಭಾಗದಲ್ಲಿ ಬಿಳೀ ಪೇಂಟಲ್ಲಿ ಅಪ್ಪನ ಹೆಸರು, ಕೆಳಗೆ ರೂಮ್ ನಂ. 14, ಮಂಡ್ಯ ಅಂತ ಇತ್ತು. ಸುತ್ತ ಟೇಪ್ ಅಂಟಿಸಿ ಆ ಚೌಕ ಒಂದನ್ನ ಹಾಗೇ ಬಿಟ್ಟೆ. ಅಪ್ಪ ಬಂದಾಗ ಮಾತೇ ಆಡಲಿಲ್ಲ, ಕಾಫಿ ಲೋಟ ಇಡಕ್ಕೂ ಅದರ ಮೇಲೆ ಒಂದು ಪೇಪರ್ ಹಾಸ್ಕೊಂಡ್ರು.

ಗಿಡದ್ದು ಇನ್ನೂ ಬಾಕಿ. ಈಗಿರೋದು ಗೆಳತಿ ಮನೆಯಿಂದ ಕಡ್ಡಿ ತಂದು ನೀರಲ್ಲಿ ಬೇರು ಬಿಡಿಸಿದ ಮನಿ ಪ್ಲಾಂಟು, ಮತ್ತೆ ಎರಡು ಸ್ನೇಕ್ ಪ್ಲಾಂಟು, ಪಾಟ್ರಿ ಟೌನಿಂದ ತಂದ ಮಣ್ಣಿನ ಕುಂಡದಲ್ಲಿ. ಕುಂಡಕ್ಕೆ ಬಣ್ಣ ಬಳಿಯೋಕೆ ಹೋಗಲಿಲ್ಲ, ಸುಟ್ಟ ಮಣ್ಣಿನ ಬಣ್ಣ ಆ ಸೆರಗಿನ ಕೆಂಪಿಗೆ ಎಷ್ಟು ಹೊಂದುತ್ತೆ ಅಂದ್ರೆ ಬೇರೇನೂ ಬೇಕಾಗಿಲ್ಲ. ಹೊಸದಾಗಿ ತಂದಾಗ ಒಂದು ರಾತ್ರಿ ಬಕೆಟ್ ನೀರಲ್ಲಿ ಮುಳುಗಿಸಿಡಿ, ಇಲ್ಲಾಂದ್ರೆ ಗಿಡಕ್ಕೆ ಹಾಕಿದ ನೀರೆಲ್ಲ ಕುಂಡವೇ ಕುಡಿಯುತ್ತೆ. ಇದೆಲ್ಲಾ ಆಗಿ, ಹಾಳಾದ ವಾಲ್‌ಪೇಪರ್ ದುಡ್ಡೂ ಸೇರಿಸಿ, ಹತ್ತು ಸಾವಿರದ ಹತ್ತಿರ ಬಂದಿದೆ. ಮಿಕ್ಕಿದ್ದು ಬಾಲ್ಕನಿಗೆ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋ ನೋಡ್ಕೊಂಡು ಹಾಗೇ ಸಿದ್ದಾಪುರದ ನರ್ಸರಿಗಳಿಗೆ ಹೋಗಬೇಕು ಅಂತಿದೆ, ಅತ್ತೆನೂ ಆ ಹೊತ್ತಿಗೆ ಬರ್ತಾರೆ, ಪರದೆ ಆದ ಸೀರೇನ ಅವರಿನ್ನೂ ಫೋಟೋದಲ್ಲಿ ಮಾತ್ರ ನೋಡಿರೋದು.